ಮೂರನೇ ಮಹಡಿಯ ದೀಪ

ಹನ್ನೆರಡನೆಯ ಮೊಳೆಯೂ ಮುರಿಯಿತು.

ಪರದೆಯ ಮೇಲೆ, ಕುಲುಮೆಯ ಮುಂದೆ ನಿಂತಿದ್ದ ಹೆಂಗಸು ಸುತ್ತಿಗೆ ಇಳಿಸಿದಳು. ಅವಳ ಹೆಗಲು ಒಂದಿಷ್ಟು ಕುಸಿದು ಮತ್ತೆ ನೆಟ್ಟಗಾಯಿತು. ಕೆಳಗೆ ಒಂದು ಸಾಲು ಮೂಡಿತು: ಪ್ರಯತ್ನ ವಿಫಲ. ಕಬ್ಬಿಣ ಒಂದು ತುಂಡು ನಷ್ಟ.

"ಅದೇನಮ್ಮಾ ಅದು, ಠಣ್ ಅಂತು?" ಹಿಂದೆ ಸೋಫಾದಲ್ಲಿ ಕೂತಿದ್ದ ಅತ್ತೆ ಕೇಳಿದರು.

"ಮೊಳೆ ಅತ್ತೆ. ಮುರೀತು."

"ಯಾವ ಮೊಳೆ?"

"ಈ ಆಟದೊಳಗಿಂದು."

ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. "ಮನೆ ಗೋಡೆಗೆ ಒಂದು ಮೊಳೆ ಹೊಡಿಯಪ್ಪಾ ಅಂದ್ರೆ ಆರು ತಿಂಗಳು ಸತಾಯಿಸ್ತಿದ್ದ. ಅಲ್ಲಿ ನೋಡಿದ್ರೆ ಹೊಡೆದಿದ್ದೇ ಹೊಡೆದಿದ್ದು," ಎಂದರು. ಮಗ ತೀರಿಕೊಂಡು ಏಳು ವಾರವಾಗಿತ್ತು. ಅವನನ್ನು ಬೈಯುವಾಗ ಮಾತ್ರ ಅವರ ದನಿ ಮೊದಲಿನಂತೆಯೇ ಇತ್ತು.

"ಅತ್ತಿಗೆ, ಕಬ್ಬಿಣ ಇನ್ನೂ ಹಸಿ," ಎಂದಿತು ಸ್ಪೀಕರಿನಿಂದ ಒಂದು ಗಂಡಸಿನ ದನಿ. "ಅವಸರ ಮಾಡ್ತಿದೀರಿ. ಪಟ್ಟಿ ಅರ್ಧ ದಾಟಿದ ಮೇಲೆ ಹೊಡೀರಿ ಅಂದಿದ್ನಲ್ಲ?"

"ಅರ್ಧ ದಾಟಿತ್ತು."

"ಯಾವುದು, ಹಸಿರು ಪಟ್ಟೀನಾ? ಅಯ್ಯೋ, ಅದು ನಿಮ್ಮ ಸುಸ್ತು ತಾಯೀ. ಕಬ್ಬಿಣದ ಕಾವು ಪಕ್ಕದ ಕೆಂಪು ಪಟ್ಟಿ. ಹನ್ನೆರಡು ಮೊಳೇನೂ ಸುಸ್ತು ನೋಡ್ಕೊಂಡು ಹೊಡೆದ್ರಾ?"

ಅವಳು ಪೆನ್ನು ಎತ್ತಿಕೊಂಡಳು. ಮೇಜಿನ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಬರೆದಳು: ಹಸಿರು, ದಣಿವು. ಕೆಂಪು, ಕಾವು.

ಆ ದನಿ ಹಲ್ಲಿನ ಡಾಕ್ಟರದು. ಐವತ್ತು ದಾಟಿದವರು, ಬೇರೆ ಯಾವುದೋ ಊರಿನವರು. ಆಟದೊಳಗೆ ಅವರು ಮೀನುಗಾರ. ಸಂಜೆ ಕ್ಲಿನಿಕ್ಕಿನಲ್ಲಿ ರೋಗಿಗೆ ಇಂಜೆಕ್ಷನ್ ಕೊಟ್ಟು, ದವಡೆ ಮರಗಟ್ಟುವ ತನಕ ಪಕ್ಕದ ಕೋಣೆಗೆ ಬಂದು ಗಾಳ ಹಾಕುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಅತ್ತಿಗೆ ಎನ್ನುತ್ತಿದ್ದರು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಆಟದಲ್ಲಿ ಅವನಿಟ್ಟುಕೊಂಡ ಹೆಸರು ಲಿಫ್ಟಣ್ಣ. ಆ ಊರಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವನು ಅಣ್ಣನಾಗಿದ್ದ. ಆ ಲೆಕ್ಕದಲ್ಲಿ ಇವಳು ಅತ್ತಿಗೆ.

"ಡಾಕ್ಟ್ರೇ," ಅತ್ತೆ ಸೋಫಾದಿಂದಲೇ ದನಿ ಎತ್ತರಿಸಿದರು. ಹೆಡ್‌ಫೋನಿನ ಒಂದು ಕಿವಿ ಕೆಟ್ಟಿದ್ದರಿಂದ ಮಾತೆಲ್ಲ ಸ್ಪೀಕರಿನಲ್ಲೇ ನಡೆಯುತ್ತಿತ್ತು. "ಮೇಲ್ಗಡೆ ಬಲಗಡೆ ದವಡೆ ಹಲ್ಲು ಜುಂ ಅಂತದೆ. ತಣ್ಣೀರು ತಾಗೋ ಹಂಗಿಲ್ಲ."

"ಅಮ್ಮಾ, ಇಲ್ಲಿ ನಾನು ಮೀನು ಹಿಡಿಯೋನು. ಇಲ್ಲಿಗೂ ಹಲ್ಲು ತಗೊಂಡು ಬಂದ್ರೆ ನಾನೆಲ್ಲಿಗೆ ಹೋಗ್ಲಿ?"

"ಮೀನಾದ್ರೂ ಹಿಡೀರಪ್ಪ, ಬಾಯಿ ಮಾತ್ರ ಬಿಡಬೇಡಿ."

ಡಾಕ್ಟರು ನಕ್ಕರು. ಅತ್ತೆಯ ತುಟಿಯಂಚೂ ಅಲುಗಿತು. ಅವಳು ಕೆಂಪು ಪಟ್ಟಿ ಅರ್ಧ ದಾಟುವುದನ್ನು ಕಾದು, ಒತ್ತಿದಳು. ಹದಿಮೂರನೆಯ ಮೊಳೆ ಮುರಿಯಲಿಲ್ಲ.

ಅವನು ಸತ್ತದ್ದು ಹದಿನಾಲ್ಕು ಮಹಡಿಯ ಒಂದು ಕಟ್ಟಡದ ನೆತ್ತಿಯಲ್ಲಿ, ಲಿಫ್ಟಿನ ಯಂತ್ರದ ಕೋಣೆಯ ಮೆಟ್ಟಿಲ ಮೇಲೆ. ಕೆಲಸ ಮುಗಿಸಿ, ಸಾಮಾನು ಚೀಲಕ್ಕೆ ತುಂಬಿ, ಕೂತಿದ್ದನಂತೆ. ಕೂತೇ ಇದ್ದನಂತೆ. ಕಾವಲಿನವನು ಮೇಲೆ ಹೋಗಿ ನೋಡುವಾಗ ಮಧ್ಯಾಹ್ನ ಮೂರೂವರೆ. ಹೃದಯ, ಎಂದರು ಆಸ್ಪತ್ರೆಯಲ್ಲಿ. ಮೂವತ್ತಾರು ವರ್ಷದ ಹೃದಯ.

ಆ ಬೆಳಿಗ್ಗೆ ಅವನು ಬಾಗಿಲ ಹತ್ತಿರ ನಿಂತು, "ಕರೀ ಟೇಪು ಎಲ್ಲಿಟ್ಟಿದೀಯೇ?" ಎಂದು ಕೇಳಿದ್ದ. ಅವಳು ಊಟದ ಮೇಜಿನ ಮೇಲೆ ಬಾಟಲಿಗಳಿಗೆ ಚೀಟಿ ಬರೆಯುತ್ತಿದ್ದಳು. ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಬಾವಿ, ಟ್ಯಾಂಕು, ಕಾರ್ಖಾನೆ, ಎಲ್ಲೆಲ್ಲಿಂದಲೋ ಬಂದ ನೀರು; ಪ್ರತಿ ಬಾಟಲಿಗೂ ಜಾಗ, ತಾರೀಕು, ಕೆಳಗೆ ಅವಳ ಸಹಿ. "ಅಲ್ಲೇ ಇರ್ಬೇಕು ನೋಡು," ಎಂದಳು. ಬಾಗಿಲು ಹಾಕಿದ ಸದ್ದು ಕೇಳಿಸಿತು. ಟೇಪು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ.

ಮೂರನೆಯ ವಾರ ಅವಳು ಕೆಲಸಕ್ಕೆ ಮರಳಿದಳು. ಅತ್ತೆ ತಮ್ಮ ಊರಿನ ಮನೆಗೆ ಬೀಗ ಹಾಕಿಕೊಂಡು ಬಂದವರು ಇಲ್ಲೇ ಉಳಿದರು. ಇನ್ನೆಷ್ಟು ದಿನ ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಇಬ್ಬರೂ ಬೆಳಿಗ್ಗೆ ಟೀ ಕುಡಿದು, ಸಂಜೆ ಟೀ ಕುಡಿದು, ತಟ್ಟೆ ತೊಳೆದಿಡುತ್ತಿದ್ದರು. ಅವನ ಮಾತು ಎತ್ತಿದರೆ ಎಲ್ಲಿಂದ ಎತ್ತಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ವಾರ ಅವನ ಫೋನಿಗೆ ಒಂದು ಸಂದೇಶ ಬಂತು. "ಲಿಫ್ಟಣ್ಣ, ಎಲ್ಲಿ ಹಾಳಾಗಿ ಹೋದ್ರಿ? ಬೀದೀಲಿ ಏಳು ದೀಪ ಆರಿದಾವೆ. ಕತ್ತಲಲ್ಲಿ ನಾನು ದೋಣಿ ಅಂದ್ಕೊಂಡು ನೀರಿಗೇ ಕಾಲಿಟ್ಟೆ."

ಅವಳು ಎರಡು ಸಲ ಓದಿದಳು. ಆಮೇಲೆ ಬರೆದಳು: "ಅವರು ತೀರಿಕೊಂಡರು. ನಾನು ಅವರ ಹೆಂಡತಿ."

ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಬಂದದ್ದು ಉದ್ದವಾಗಿತ್ತು, ತಪ್ಪು ತಪ್ಪಾಗಿತ್ತು. ಕೊನೆಗೆ ಹೀಗಿತ್ತು: "ಅವರು ಮಾಡಿದ ದೀಪ ಒಂದು ಊರ ಪೆಟ್ಟಿಗೇಲಿ ಉಳಿದಿದೆ. ಹೊಸದು, ಇನ್ನೂ ಹಚ್ಚಿಲ್ಲ. ಯಾರೂ ಮುಟ್ಟಿಲ್ಲ. ನೀವೇ ಬಂದು ತಗೊಳ್ಳಿ."

ಮದುವೆಯಾದ ಆರು ವರ್ಷ, ಪ್ರತಿ ಸಂಜೆ ಒಂದು ಗಂಟೆ, ಅವನು ಆ ಮೇಜಿನ ಮುಂದೆ ಕೂರುತ್ತಿದ್ದ. ಅವಳು ಒಮ್ಮೆಯೂ ಹಿಂದೆ ನಿಂತು ನೋಡಿರಲಿಲ್ಲ. "ಇಲ್ಲದ ಊರಿಗೆ ದಾರಿ ಕೇಳಿದ್ರಂತೆ ಯಾರೋ," ಎಂದು ಅಡುಗೆಮನೆಯಿಂದ ಹಂಗಿಸುತ್ತಿದ್ದಳು. "ದಾರಿ ಇದೆ ಕಣೇ, ದೀಪ ಇಲ್ಲ. ಅದನ್ನೇ ಮಾಡ್ತಿದೀನಿ," ಎನ್ನುತ್ತಿದ್ದ. ಅದನ್ನು ಅವಳು ತಮಾಷೆ ಎಂದುಕೊಂಡಿದ್ದಳು.

ಅವನ ಪಾಸ್‌ವರ್ಡ್ ಅವಳಿಗೆ ಗೊತ್ತಿರಲಿಲ್ಲ. ಅವನ ಹುಟ್ಟಿದ ದಿನ, ತನ್ನ ಹುಟ್ಟಿದ ದಿನ, ಮದುವೆಯ ದಿನ ಹಾಕಿ ನೋಡಿದಳು. ಮೂರು ಸಲ ತಪ್ಪಿದ ಮೇಲೆ ಖಾತೆ ಮುಚ್ಚಿಕೊಂಡಿತು. ತನ್ನದೇ ಹೊಸ ಖಾತೆ ತೆರೆದಳು. ಹೆಸರು ಕೇಳಿತು. ಟೈಪು ಮಾಡಿದ ಹೆಸರೆಲ್ಲ ಆಗಲೇ ಯಾರದೋ ಆಗಿತ್ತು. ಟೀ ಪಾತ್ರೆ ಇಳಿಸಿದ ಇಕ್ಕಳ ಮೇಜಿನ ಮೇಲಿತ್ತು. ಇಕ್ಕಳ ಎಂದು ಹಾಕಿದಳು. ಅದು ಯಾರದೂ ಆಗಿರಲಿಲ್ಲ.

"ಇಕ್ಕಳ!" ಡಾಕ್ಟರು ಮೊದಲ ದಿನ ದೋಣಿಕಟ್ಟೆಯಲ್ಲಿ ಅವಳನ್ನು ಎದುರುಗೊಂಡು ಹೇಳಿದ್ದರು. "ನನ್ನ ಹತ್ರ ಆರು ಇವೆ. ಎಲ್ಲರೂ ಹೆದರ್ತಾರೆ." ನಕ್ಕರು, ಆಮೇಲೆ ನಗಬಾರದಿತ್ತೇನೋ ಎಂಬಂತೆ ದಾರಿ ತೋರಿಸತೊಡಗಿದರು.

ದೋಣಿಕಟ್ಟೆಯಿಂದ ಚಾವಡಿಯ ತನಕ ಒಂದು ಏರುದಾರಿ. ದಾರಿಯುದ್ದಕ್ಕೂ ಇಪ್ಪತ್ತೆರಡು ಕಂಬ, ಒಂದೊಂದಕ್ಕೂ ಒಂದು ದೀಪ. ಹಚ್ಚಿದ ದೀಪಕ್ಕೆ ಆಯಸ್ಸು ತೊಂಬತ್ತು ದಿನ. ಅಷ್ಟಾದ ಮೇಲೆ ದೀಪವೇ ಇಲ್ಲವಾಗುತ್ತದೆ, ಬರಿ ಕಂಬ ಉಳಿಯುತ್ತದೆ. ಹಚ್ಚದೆ ಪೆಟ್ಟಿಗೆಯಲ್ಲಿಟ್ಟದ್ದು ಎಷ್ಟು ಕಾಲವಾದರೂ ಹಾಗೇ ಇರುತ್ತದೆ. ಎರಡು ವರ್ಷ ಅವನು ಒಂದೊಂದೇ ಮಾಡಿ, ಆರಿದ ಕಡೆಯೆಲ್ಲ ತೂಗುಹಾಕುತ್ತ ಬಂದಿದ್ದ. ಈಗ ಹದಿನೊಂದು ಉಳಿದಿದ್ದವು.

ಪೆಟ್ಟಿಗೆಯಲ್ಲಿದ್ದ ದೀಪವನ್ನು ಅವಳು ಕೈಗೆತ್ತಿಕೊಂಡಳು. ನಾಲ್ಕು ಮುಖದ ಕಬ್ಬಿಣದ ಗೂಡು. ಮೂರು ಮುಖಕ್ಕೆ ಗಾಜು, ಒಂದಕ್ಕೆ ಬಗ್ಗಿಸಿದ ತಗಡು. ಬೆಳಕು ಕಣ್ಣಿಗೆ ಹೊಡೆಯದೆ ಮೆಟ್ಟಿಲ ಮೇಲೆ ಬೀಳಲಿ ಎಂದು. ತಳದಲ್ಲಿ ಮೇಲ್ಮುಖವಾದ ಒಂದು ಸಣ್ಣ ಬಾಣದ ಗುರುತು, ಲಿಫ್ಟಿನ ಗುಂಡಿಯ ಮೇಲಿರುವಂಥದು. ಪಕ್ಕದಲ್ಲಿ ಬರಹ:

ಮಾದರಿ: ಮೂರನೇ ಮಹಡಿ. ತಯಾರಿಸಿದವರು: ಲಿಫ್ಟಣ್ಣ.

"ಮೂರನೇ ಮಹಡಿ ಅಂದ್ರೆ?" ಎಂದು ಕೇಳಿದಳು. ಅವರ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲದ ಕಟ್ಟಡ.

ಡಾಕ್ಟರು ಗಾಳ ಮೇಲೆಳೆದುಕೊಂಡರು. "ನೀವು ಊಟಕ್ಕೆ ಕರೀತಿದ್ರಲ್ಲ ಅತ್ತಿಗೆ. ಆಗ ನಮಗೆಲ್ಲ ಹೇಳೋರು, 'ಮೂರನೇ ಮಹಡಿ ಕರೀತಿದೆ ಕಣ್ರಪ್ಪಾ, ನಾ ಹೊರಟೆ' ಅಂತ. ನಾವೂ ಹಂಗೇ ಕೇಳ್ತಿದ್ವಿ. ಮೂರನೇ ಮಹಡಿ ಹೇಗಿದೆ? ಮೂರನೇ ಮಹಡಿ ಕೋಪ ಇಳೀತಾ?"

ಅವಳು ದೀಪವನ್ನು ಪೆಟ್ಟಿಗೆಗೆ ಹಿಂದಿಡಲಿಲ್ಲ. ತನ್ನ ಚೀಲಕ್ಕೆ ಹಾಕಿಕೊಂಡಳು.

ಉಳಿದದ್ದನ್ನು ಡಾಕ್ಟರು ಇನ್ನೊಂದು ಸಂಜೆ ಹೇಳಿದರು, ಹೇಳಲೋ ಬೇಡವೋ ಎನ್ನುತ್ತ. ಅದು ಅವನೇ ಯೋಚಿಸಿ ಕಟ್ಟಿದ ಮಾದರಿ. ಇನ್ಯಾರಿಗೂ ಬಾರದು. ಅಂಥದನ್ನು ಕಲಿಯಲು ಆ ಆಟದಲ್ಲಿ ಇದ್ದದ್ದು ಎರಡೇ ದಾರಿ. ಮಾಡಿದವನೇ ಎದುರು ನಿಂತು ಕಲಿಸಬೇಕು. ಇಲ್ಲದಿದ್ದರೆ ಅವನು ಮಾಡಿದ ಒಂದನ್ನು ಕುಲುಮೆಯ ಮೇಲಿಟ್ಟು ಬಿಚ್ಚಬೇಕು. ಬಿಚ್ಚುವವರು ಕಮ್ಮಾರಿಕೆಯಲ್ಲಿ ಇಪ್ಪತ್ತನೆಯ ಮಟ್ಟ ಮುಟ್ಟಿದ್ದರೆ ಮಾದರಿ ಕೈವಶವಾದದ್ದೇ. ಅದಕ್ಕಿಂತ ಕೆಳಗಿದ್ದರೆ ಅದೃಷ್ಟ. ಹೇಗಾದರೂ ಬಿಚ್ಚಿದ್ದು ಮತ್ತೆ ಕೂಡುವುದಿಲ್ಲ.

"ಕಂಬದ ಮೇಲೆ ಇರೋದನ್ನ ಇಳಿಸೋಕೆ ಬರಲ್ಲ. ಬಿಚ್ಚೋಕಾಗೋದು ಇದೊಂದೇ," ಎಂದರು. "ನಮ್ಮೂರಲ್ಲಿ ಇಪ್ಪತ್ತು ದಾಟಿದ ಕಮ್ಮಾರರು ಮೂವರು ಇದಾರೆ. ಯಾರಾದ್ರೂ ಬಿಚ್ಚಬಹುದಿತ್ತು. ಯಾರಿಗೂ ಕೈ ಬರಲಿಲ್ಲ. ಅದು ನಿಮ್ಮದು."

"ನಾನು ಬಿಚ್ಚಲ್ಲ," ಎಂದಳು ಅವಳು.

"ಬೇಡ ಬಿಡಿ."

"ದೀಪ ಆರಿದ್ರೆ ಆರ್ಲಿ."

"ಆರ್ಲಿ. ನಾವು ತಡಕಾಡ್ಕೊಂಡು ಓಡಾಡ್ತೀವಿ."

ಆದರೂ ಮರುದಿನ ಅವಳು ಮೊಳೆ ಹೊಡೆಯುವುದರಿಂದ ಆರಂಭಿಸಿದಳು. ಯಾಕೆ ಎಂದು ಡಾಕ್ಟರು ಕೇಳಲಿಲ್ಲ.

ನೂರು ಮೊಳೆಯಾದ ಮೇಲೆ ಬಾಗಿಲ ಚಿಲಕ. ಚಿಲಕವಾದ ಮೇಲೆ ಕೊಡಲಿಯ ಬಾಯಿ. ಗುಡ್ಡಕ್ಕೆ ಹೋಗಿ ಅದಿರು ಕೆತ್ತಿ ತರಬೇಕು, ಕಾಡಿಗೆ ಹೋಗಿ ಕಟ್ಟಿಗೆ ತಂದು ಇದ್ದಿಲು ಮಾಡಬೇಕು, ದಡದ ಮರಳಿನಿಂದ ಗಾಜು ಕರಗಿಸಬೇಕು. ಗಾಜನ್ನು ಕುಲುಮೆಯಿಂದ ತಕ್ಷಣ ಎತ್ತಿದರೆ ಸೀಳುತ್ತದೆ. ಬೂದಿಯಲ್ಲಿಟ್ಟು ಆರಲು ಬಿಡಬೇಕು. ಅವಳು ಲ್ಯಾಬಿನ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಲ್ಲವನ್ನೂ ಬರೆದಿಟ್ಟಳು: ಇದ್ದಿಲು ಎಷ್ಟು, ಕಾವು ಎಷ್ಟು, ಫಲಿತಾಂಶ ಏನು. ಒಂದು ವಾರದಲ್ಲಿ ಒಂಬತ್ತನೆಯ ಮಟ್ಟ ದಾಟಿದಳು. "ಲಿಫ್ಟಣ್ಣನಿಗೆ ಇಷ್ಟಕ್ಕೆ ಮೂರು ತಿಂಗಳು ಹಿಡೀತು," ಎಂದರು ಡಾಕ್ಟರು. "ಅವರು ಕೆಲಸಕ್ಕಿಂತ ಹರಟೆ ಜಾಸ್ತಿ."

ಅವನು ಮನೆಯಲ್ಲಿ ಹೆಚ್ಚು ಮಾತಾಡುವವನಾಗಿರಲಿಲ್ಲ. "ಏನು ಹರಟೆ ಹೊಡೀತಿದ್ರು?" ಎಂದು ಕೇಳಿದಳು.

"ಏನಿರುತ್ತೆ ಅತ್ತಿಗೆ? ಯಾವ ಬಿಲ್ಡಿಂಗಲ್ಲಿ ಯಾರು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರು, ಒಳಗೆ ಏನು ಮಾತಾಡ್ಕೊಂಡ್ರು. ಒಂದು ಗಂಡ ಹೆಂಡತಿ ಮೂರು ತಿಂಗಳಿಂದ ಮಾತು ಬಿಟ್ಟಿದ್ರಂತೆ. ಇವರು ಬಾಗಿಲು ತೆಗೆದಾಗ ಒಳಗಿಂದ ಬೈಗುಳ, 'ಇನ್ನೊಂದು ಹತ್ತು ನಿಮಿಷ ಬಿಟ್ಟು ಬರಬಾರದಿತ್ತೇನ್ರೀ' ಅಂತ." ಡಾಕ್ಟರು ತಾವೇ ನಕ್ಕರು. "ಬಂದೆ, ಬಂದೆ," ಎಂದು ಆಚೆ ಯಾರಿಗೋ ಹೇಳಿ ಎದ್ದು ಹೋದರು.

ಅವಳಿಗೆ ಆ ಕಥೆ ಗೊತ್ತಿರಲಿಲ್ಲ.

ಅದೇ ವಾರದ ಒಂದು ಸಂಜೆ ಲ್ಯಾಬಿನಿಂದ ಬಂದಾಗ ಅತ್ತೆ ಕಿಟಕಿಯ ಬಳಿ ಕೂತಿದ್ದರು. ಮಡಿಲಲ್ಲಿ ಅವನ ನೀಲಿ ಸ್ವೆಟರು. ಮೊದಲ ಕೆಲಸ ಸಿಕ್ಕಾಗ ಅವರೇ ಹೆಣೆದುಕೊಟ್ಟದ್ದು. ಎರಡೂ ಮೊಣಕೈ ಸವೆದಿತ್ತು. ಅತ್ತೆ ಕುತ್ತಿಗೆಯ ಅಂಚಿನ ಗಂಟನ್ನು ಸೂಜಿಯಿಂದ ಎಬ್ಬಿಸಿ, ನೂಲು ಹಿಡಿದು ಎಳೆಯುತ್ತಿದ್ದರು. ಸರ್ ಸರ್ ಎಂದು ಒಂದೊಂದು ಸಾಲೂ ಬಿಚ್ಚಿ ಬರುತ್ತಿತ್ತು. ಒಂದು ಭುಜ ಆಗಲೇ ಇರಲಿಲ್ಲ.

ಅವಳು ಚಪ್ಪಲಿ ಬಿಡದೆ ನಿಂತಳು. "ಏನು ಮಾಡ್ತಿದೀರಿ ಅತ್ತೆ?"

"ಬಿಚ್ತಾ ಇದೀನಿ."

"ಯಾಕೆ?"

"ಮೊಣಕೈ ಹೋಗಿದೆ ನೋಡು. ನೂಲು ಮಾತ್ರ ಗಟ್ಟಿ ಇದೆ."

"ಹಾಗೇ ಇಡಬಹುದಿತ್ತಲ್ಲ."

"ಎಲ್ಲಿಡ್ತೀಯಾ? ಬೀರುವಿನಲ್ಲಿ? ನುಸಿ ತಿನ್ನುತ್ತೆ."

"ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀವು."

ಅತ್ತೆಯ ಕೈ ನಿಂತಿತು. ಅವರು ತಲೆ ಎತ್ತಲಿಲ್ಲ. "ನಾನು ಹಾಕಿದ್ದು ಕಣಮ್ಮ," ಎಂದರು. "ಹೆಣಿಗೇಲಿ ಒಂದೊಂದು ಮನೇನೂ ನಾನೇ ಎಣಿಸಿ ಹಾಕಿದ್ದು. ಬಿಚ್ಚೋದಾದ್ರೆ ನಾನೇ ಬಿಚ್ಬೇಕು. ಆಮೇಲೆ ಇನ್ಯಾರಾದ್ರೂ ಹಳೇ ಬಟ್ಟೆ ಜೊತೆ ಕಟ್ಟಿ ಯಾರಿಗೋ ಕೊಡ್ತಾರೆ."

"ಏನು ಮಾಡ್ತೀರಿ ಅದರಲ್ಲಿ?"

"ಗೊತ್ತಿಲ್ಲ. ಮೊದಲು ಬಿಚ್ಚೋಣ."

ಅವಳು ಒಳಗೆ ಹೋಗಿ ಮುಖ ತೊಳೆದಳು. ನಲ್ಲಿ ನಿಲ್ಲಿಸಿದಾಗ ಮತ್ತೆ ಆ ಸರ್ ಸರ್ ಸದ್ದು ಕೇಳಿಸಿತು. ಅವಳು ಕಂಪ್ಯೂಟರಿನ ಮುಂದೆ ಕೂತು ಸಾದಾ ಕಬ್ಬಿಣದ ದೀಪ ಮಾಡುವುದನ್ನು ಕಲಿತಳು.

ಹತ್ತನೆಯ ಮಟ್ಟದಿಂದ ಮೇಲೆ ಹತ್ತಲು ಅದೇ ದಾರಿ. ಸಾದಾ ದೀಪ ಮಾಡು, ಬಿಚ್ಚು, ಬಂದ ಕಬ್ಬಿಣದಲ್ಲಿ ಮತ್ತೆ ಮಾಡು. ಮೂರು ತುಂಡು ಹಾಕಿದರೆ ಎರಡು ತಿರುಗಿ ಬರುತ್ತಿತ್ತು. ಹನ್ನೆರಡು, ಹದಿನೈದು, ಹದಿನೇಳು. ಬೀದಿಯಲ್ಲಿ ದೀಪಗಳು ಎಂಟಾದವು, ಐದಾದವು. ಡಾಕ್ಟರು ಅದರ ಮಾತೆತ್ತುತ್ತಿರಲಿಲ್ಲ. ಚೀಲದಲ್ಲಿಟ್ಟ ದೀಪದ ಬಗ್ಗೆ ಮಾತ್ರ ಒಮ್ಮೆ ಹೇಳಿದ್ದರು: "ಅದನ್ನ ಹೊತ್ಕೊಂಡು ತಿರುಗಬೇಡಿ ಅತ್ತಿಗೆ. ಪೆಟ್ಟಿಗೇಲಿಡಿ. ಅದೂ ಆಗಲ್ಲ ಅಂದ್ರೆ ಬೀಗದ ಗುರುತಾದ್ರೂ ಹಾಕಿಟ್ಕೊಳ್ಳಿ." ಅವಳು ಬೀಗದ ಗುರುತು ಹಾಕಿದ್ದಳು. ಅದು ಚೀಲದ ಕೊನೆಯ ಮನೆಯಲ್ಲಿ, ಬಲಗಡೆ ಕೆಳಗೆ, ಒಂಟಿಯಾಗಿ ಇರುತ್ತಿತ್ತು. ದಿನವೂ ಒಮ್ಮೆ ಚೀಲ ತೆರೆದು, ಅಲ್ಲೇ ಇದೆಯೇ ಎಂದು ನೋಡಿ ಮುಚ್ಚುತ್ತಿದ್ದಳು.

ಹತ್ತೊಂಬತ್ತನೆಯ ಮಟ್ಟ ತಲುಪಿದ ಶನಿವಾರ ಅವಳು ಅದನ್ನು ಮತ್ತೊಮ್ಮೆ ಕೈಗೆತ್ತಿಕೊಂಡಳು. ಮೊದಲ ದಿನದ ನಂತರ ಅದೇ ಎರಡನೆಯ ಸಲ. ಇಪ್ಪತ್ತು ತಲುಪಿದ ಮೇಲೆ ಏನು ಮಾಡುವುದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಬಿಚ್ಚುವುದಿಲ್ಲ ಎಂದೇ ಹೇಳಿಕೊಳ್ಳುತ್ತಿದ್ದಳು. ಆದರೆ ಬಿಚ್ಚಲು ಬಾರದೆ ಬಿಡುವುದು ಬೇರೆ, ಬಂದೂ ಬಿಡುವುದು ಬೇರೆ. ದೀಪವನ್ನು ತಿರುಗಿಸಿ ತಗಡಿನ ಬಾಗು ನೋಡಿದಳು. ತಳದ ಬಾಣ ನೋಡಿದಳು. ಚೀಲಕ್ಕೆ ಹಾಕಿದಳು. ಆಮೇಲೆ ಎಂದಿನಂತೆ ಅಭ್ಯಾಸದ ದೀಪಗಳನ್ನು ಮಾಡುತ್ತ ಕೂತಳು. ನಲವತ್ತೊಂದು ಆದವು. ಕುಲುಮೆಯ ಹತ್ತಿರ ಹೋಗಿ ಚೀಲ ಸುರಿದಳು. ಒಂದೊಂದನ್ನೇ ಬಿಚ್ಚಲು ಹೊತ್ತಾಗುತ್ತದೆಂದು ಅವಳು ಕೆಲದಿನಗಳಿಂದ ಕೆಳಗಿನ ದೊಡ್ಡ ಗುಂಡಿಯನ್ನು ಬಳಸುತ್ತಿದ್ದಳು: ಎಲ್ಲವನ್ನೂ ಬಿಚ್ಚು. ಬೀಗವಿದ್ದದ್ದನ್ನು ಅದು ಮುಟ್ಟುತ್ತಿರಲಿಲ್ಲ.

"ಕತ್ತರಿ ಎಲ್ಲಿಟ್ಟಿದೀಯಮ್ಮಾ?" ಅತ್ತೆ ಬಾಗಿಲ ಹತ್ತಿರ ನಿಂತು ಕೇಳಿದರು.

"ಅಲ್ಲೇ ಇರ್ಬೇಕು ನೋಡಿ," ಎಂದು ಅವಳು ಅರ್ಧ ತಿರುಗಿದಳು. ಬೆರಳು ಒತ್ತಿತು.

ಸುತ್ತಿಗೆಯ ಸದ್ದು ಎಂದಿಗಿಂತ ತುಸು ಹೆಚ್ಚು ಹೊತ್ತು ಬಂತು. ಆಮೇಲೆ ಗಂಟೆಯಂಥ ಒಂದು ಇಂಪಾದ ದನಿ, ಅವಳು ಹಿಂದೆಂದೂ ಕೇಳದ್ದು. ಪರದೆಯ ಮಧ್ಯೆ ಚಿನ್ನದ ಬಣ್ಣದ ಅಕ್ಷರ:

ಅಭಿನಂದನೆ! ಹೊಸ ಮಾದರಿ ಕಲಿತಿದ್ದೀರಿ: ಮೂರನೇ ಮಹಡಿ.

ಅವಳು ಚೀಲ ತೆರೆದಳು. ಕಬ್ಬಿಣ ಎಂಬತ್ತಾರು. ಗಾಜು ನಲವತ್ತಮೂರು. ತಗಡು ಒಂದು. ಬಲಗಡೆ ಕೆಳಗಿನ ಮನೆ ಖಾಲಿ.

ಅಭ್ಯಾಸದ ದೀಪಗಳಲ್ಲಿ ತಗಡು ಇರಲಿಲ್ಲ. ಕಬ್ಬಿಣದಲ್ಲಿ ಯಾವುದು ಅವನದು ಎಂದು ತಿಳಿಯುವಂತಿರಲಿಲ್ಲ.

"ಅತ್ತಿಗೆ?" ಡಾಕ್ಟರು ಅಷ್ಟರಲ್ಲಿ ಬಂದಿದ್ದರು. ಯಾರು ಏನು ಕಲಿತರೂ ಊರಿಗೆಲ್ಲ ಸುದ್ದಿ ಹೋಗುವುದು ಆ ಆಟದ ಪದ್ಧತಿ. ಅವರಿಗೂ ಆ ಚಿನ್ನದ ಅಕ್ಷರ ಕಂಡಿರಬೇಕು. "ಅತ್ತಿಗೆ, ಬಿಚ್ಚಿದ್ರಾ?"

"ಬೀಗ ಹಾಕಿದ್ದೆ," ಎಂದಳು ಅವಳು. "ಹಾಕಿದ್ದೆ ನಾನು."

"ಕೈಗೆ ತಗೊಂಡಿದ್ರಾ?"

"ನೋಡ್ಬೇಕು ಅನ್ನಿಸ್ತು."

"ಕೈಗೆ ತಗೊಂಡ್ರೆ ಬೀಗ ಬಿಟ್ಕೊಳ್ಳುತ್ತೆ ಅತ್ತಿಗೆ. ಮತ್ತೆ ಹಾಕ್ಬೇಕು. ನಾನು ಹೇಳ್ಬೇಕಿತ್ತು. ಹೊಸಬರೆಲ್ಲ ಒಂದ್ಸಲ ಈ ತಪ್ಪು ಮಾಡ್ತಾರೆ. ನಾನೂ ಮಾಡಿದೀನಿ. ಎಂಥದೋ ಒಂದು ಗಾಳ ಹೋಯ್ತು ನಂದು, ಅಷ್ಟೇ... ಛೆ. ನಾನು ಹೇಳ್ಬೇಕಿತ್ತು."

ಅವಳು ಯಂತ್ರ ಆರಿಸಿದಳು. ಅತ್ತೆ ಇನ್ನೂ ಬಾಗಿಲಲ್ಲೇ ಇದ್ದರು, ಕೈಯಲ್ಲಿ ಕತ್ತರಿ. "ಸಿಕ್ತು, ಅಲ್ಲೇ ಇತ್ತು," ಎಂದರು. ಅವಳ ಮುಖ ನೋಡಿ, "ಏನಾಯ್ತು?" ಎಂದರು.

"ಒಂದು ಮುರೀತು."

"ಮೊಳೇನಾ?"

"ಅವನು ಮಾಡಿದ್ದು ಒಂದು ಇತ್ತು. ದೀಪ. ನನ್ನ ಕೈಲೇ ಹೋಯ್ತು. ನಾನು ನೋಡ್ತಾನೂ ಇರ್ಲಿಲ್ಲ ಅತ್ತೆ. ಈ ಕಡೆ ತಿರುಗಿದ್ದೆ."

ಅತ್ತೆಗೆ ಏನು ಅರ್ಥವಾಯಿತೋ. ಕತ್ತರಿಯನ್ನು ಮೇಜಿನ ಮೇಲಿಟ್ಟು, ಅವಳ ಬೆನ್ನಿನ ಹಿಂದೆ ಬಂದು ನಿಂತರು. ಹೆಗಲ ಮೇಲೆ ಕೈ ಇಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

ಎಂಟು ದಿನ ಅವಳು ಆ ಮೇಜಿನ ಕಡೆ ಹೋಗಲಿಲ್ಲ. ಲ್ಯಾಬಿನಲ್ಲಿ ಹೆಚ್ಚು ಹೊತ್ತು ಕೂತಳು. ಪರೀಕ್ಷಿಸಿದವರು ಎಂಬಲ್ಲಿ ಸಹಿ ಹಾಕುವಾಗ ಒಂದೆರಡು ಸಲ ಪೆನ್ನು ನಿಂತಿತು. ಮನೆಯಲ್ಲಿ ಸ್ವೆಟರು ಪೂರ್ತಿ ಬಿಚ್ಚಿ ಮುಗಿದಿತ್ತು. ಅತ್ತೆ ನೂಲನ್ನು ಲಡಿ ಕಟ್ಟಿ, ಬಿಸಿನೀರಿನಲ್ಲಿ ಅದ್ದಿ, ಬಾಲ್ಕನಿಯ ಹಗ್ಗಕ್ಕೆ ತೂಗುಹಾಕಿದ್ದರು. ನೂಲು ಸುಕ್ಕು ಬಿಡಲೆಂದು ಕೆಳಗೆ ಭಾರ ಕಟ್ಟಿದ್ದರು. ಅದು ಅವನ ಸಾಮಾನಿನ ಚೀಲದಲ್ಲಿದ್ದ ದೊಡ್ಡ ಸ್ಪ್ಯಾನರು. ಚೀಲವನ್ನು ಯಾರೋ ತಂದುಕೊಟ್ಟ ದಿನದಿಂದ ಅವಳು ತೆರೆದಿರಲಿಲ್ಲ. ಈಗ ಅದು ಬಾಯಿ ತೆರೆದು ಬಾಲ್ಕನಿಯ ಮೂಲೆಯಲ್ಲಿತ್ತು. ಬಗ್ಗಿ ನೋಡಿದಳು. ಮೇಲೆಯೇ ಕರಿ ಟೇಪಿನ ಸುರುಳಿ ಇತ್ತು.

ಒಂಬತ್ತನೆಯ ದಿನ ಡಾಕ್ಟರ ಸಂದೇಶ ಬಂತು, ಈ ಸಲ ಅವಳ ಫೋನಿಗೆ. "ಅತ್ತಿಗೆ, ಒತ್ತಾಯ ಇಲ್ಲ. ದೋಣಿಕಟ್ಟೆ ಹತ್ರದ್ದು ಇವತ್ತು ಆರಿತು. ಇನ್ನು ಚಾವಡಿ ಮುಂದಿನದು ಒಂದೇ. ಸುಮ್ನೆ ಹೇಳಿದೆ."

ಸಂಜೆ ಅವಳು ಕೂತಳು. ಕುಲುಮೆಗೆ ಇದ್ದಿಲು ಹಾಕಿದಳು. ಕೆಂಪು ಪಟ್ಟಿ ಅರ್ಧ ದಾಟುವ ತನಕ ಕಾದಳು. ಕಬ್ಬಿಣ ಆರು ತುಂಡು, ಗಾಜು ಮೂರು. ತಗಡಿನ ಮನೆಯ ಮೇಲೆ ಬೆರಳು ನಿಂತಿತು. ಗುಡ್ಡದಲ್ಲಿ ತಗಡಿಗೆ ಬೇಕಾದ ಅದಿರು ಸಿಗುತ್ತಿತ್ತು, ಬೇರೆಯದನ್ನು ಮಾಡಿಕೊಳ್ಳಬಹುದಿತ್ತು. ಅವಳು ಆ ಒಂದನ್ನೇ ಹಾಕಿದಳು.

ಗಾಜನ್ನು ಬೂದಿಯಲ್ಲಿಟ್ಟು ಕಾದಳು. ಸೀಳಲಿಲ್ಲ.

ದೋಣಿಕಟ್ಟೆಯ ಹತ್ತಿರ ಕತ್ತಲಿತ್ತು. ಡಾಕ್ಟರ ಮೀನುಗಾರ ಗಾಳ ಮಡಚಿಕೊಂಡು ಕಂಬದ ಪಕ್ಕ ನಿಂತಿದ್ದ. ಇನ್ನೂ ನಾಲ್ಕೈದು ಮಂದಿ ಇದ್ದರು. ಅವಳು ದೀಪ ತೂಗುಹಾಕಿ ಹಚ್ಚಿದಳು. ಬೆಳಕು ಯಾರ ಮುಖಕ್ಕೂ ಹೊಡೆಯದೆ ಮೆಟ್ಟಿಲ ಮೇಲೆ ಬಿತ್ತು. ಪಕ್ಕದಲ್ಲಿ ಬರಹ:

ಮಾದರಿ: ಮೂರನೇ ಮಹಡಿ. ತಯಾರಿಸಿದವರು: ಇಕ್ಕಳ. ಉಳಿದ ಆಯಸ್ಸು: ತೊಂಬತ್ತು ದಿನ.

"ನೀರು ಕಾಣ್ತಿದೆ ಈಗ," ಎಂದರು ಡಾಕ್ಟರು. ಕೆಮ್ಮಿದರು. "ಹೋಗ್ಬೇಕು ಅತ್ತಿಗೆ, ಒಳಗೆ ಒಬ್ಬರು ಮರಗಟ್ಟಿ ಕೂತಿದಾರೆ. ಬಂದೆ, ಎಲ್ಲೂ ಹೋಗಬೇಡಿ."

ಬಾಲ್ಕನಿಯಿಂದ ಅತ್ತೆ ಬಂದರು. ತೋಳಿನ ಮೇಲೆ ಒಣಗಿದ ನೀಲಿ ನೂಲಿನ ಲಡಿ. "ಕೈ ಚಾಚು," ಎಂದರು. "ಒಬ್ಬಳಿಗೆ ಉಂಡೆ ಸುತ್ತೋಕೆ ಆಗಲ್ಲ. ಸಿಕ್ಕಾಗುತ್ತೆ."

ಅವಳು ಕುರ್ಚಿ ತಿರುಗಿಸಿ ಎರಡೂ ಕೈ ಚಾಚಿದಳು. ಅತ್ತೆ ಲಡಿಯನ್ನು ಮಣಿಕಟ್ಟಿಗೆ ತೊಡಿಸಿ, ತುದಿ ಹುಡುಕಿ, ಎದುರು ಸೋಫಾದ ಮೇಲೆ ಕೂತು ಸುತ್ತತೊಡಗಿದರು. ನೂಲು ಬಲಗೈಯಿಂದ ಕಳಚಿ, ಎಡಗೈಯಿಂದ ಕಳಚಿ, ಅವರ ಬೆರಳಿಗೆ ಹೋಗುತ್ತಿತ್ತು. ತೊಳೆದು ಭಾರ ಕಟ್ಟಿದ್ದರೂ ಅದು ನೆಟ್ಟಗಾಗಿರಲಿಲ್ಲ. ಹೆಣಿಗೆಯ ಒಂದೊಂದು ಮನೆಯ ಬಳುಕೂ ಹಾಗೇ ಇತ್ತು.

"ಸುಕ್ಕು ಹೋಗ್ಲಿಲ್ಲ," ಎಂದಳು ಅವಳು.

"ಹದಿನಾಲ್ಕು ವರ್ಷದ್ದು," ಎಂದರು ಅತ್ತೆ. "ಕೈ ಇಳಿಸಬೇಡ."

ಹಿಂದೆ ಸ್ಪೀಕರಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. "ಅತ್ತಿಗೆ, ಬಂದೆ. ಇದೀರಾ?" ಎಂದು ಡಾಕ್ಟರು ಕೇಳಿದರು. ಪರದೆ ಯಾರೂ ಮುಟ್ಟದೆ ನಿಧಾನವಾಗಿ ಮಸುಕಾಗುತ್ತಿತ್ತು. ಅವಳು ಎರಡೂ ಕೈ ಮುಂದೆ ಹಿಡಿದು ಕೂತಿದ್ದಳು. ನೂಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದಂತೆಲ್ಲ ಅವಳ ಮಣಿಕಟ್ಟು ಒಂದಿಷ್ಟೇ ಅಲುಗುತ್ತಿತ್ತು.

"ಇದಾಳಪ್ಪಾ," ಎಂದರು ಅತ್ತೆ. "ಕೈ ಬಿಡುವಿಲ್ಲ ಅಷ್ಟೇ."